ಪ್ರಯಾಣಕ್ಕೆ ಕೊಂಡ ಕ್ಯಾಮೆರಾ

ನಮ್ಮ ಸ್ಟುಡಿಯೋದಲ್ಲಿ ಎರಡು ಕ್ಯಾಮೆರಾಗಳಿವೆ. ದೊಡ್ಡದು ಮದುವೆ, ನಾಮಕರಣ, ಗೃಹಪ್ರವೇಶಕ್ಕೆ. ಅದರ ಪಟ್ಟಿಗೆ ಅರಿಶಿನದ ದಾರ ಕಟ್ಟಿದೆ. ಪ್ರತಿ ಆಯುಧಪೂಜೆಗೆ ಹೊಸ ದಾರ. ಚಿಕ್ಕದು ಸಾವಿನ ಮನೆಗೆ. ಅದಕ್ಕೆ ದಾರವಿಲ್ಲ, ಪೂಜೆಯಿಲ್ಲ. ಬೀರುವಿನ ಕೆಳಗಿನ ಅರೆಯಲ್ಲಿ ಬೇರೆಯೇ ಇರುತ್ತದೆ. ಎರಡನ್ನೂ ಒಂದೇ ಬಟ್ಟೆಯಲ್ಲಿ ಒರೆಸಬಾರದೆಂದು ನಮ್ಮ ಯಜಮಾನರಾದ ಚೌಡಯ್ಯನವರ ಕಟ್ಟಪ್ಪಣೆ. ಬೇರೆ ಸ್ಟುಡಿಯೋಗಳಲ್ಲಿ ಹೀಗೆ ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿರುವ, ಮದ್ದೂರಿನ ಮಳವಳ್ಳಿ ರಸ್ತೆಯ ನಮ್ಮ ಅಂಗಡಿಯಲ್ಲಿ ಆರು ವರ್ಷದಿಂದ ಕಂಡದ್ದು ಇದು.

ಚಿಕ್ಕ ಕ್ಯಾಮೆರಾವನ್ನು ಸಾವಿಗೆಂದು ಕೊಂಡದ್ದಲ್ಲ. ಆರು ವರ್ಷದ ಹಿಂದೆ ಚೌಡಯ್ಯನವರಿಗೆ ಕಾಶಿಗೆ ಹೋಗುವ ಮನಸ್ಸಾಗಿತ್ತು. ಹೆಗಲಿಗೆ ಭಾರವಾಗದ, ಕೈಚೀಲದಲ್ಲಿ ಹಿಡಿಯುವ ಕ್ಯಾಮೆರಾ ಬೇಕೆಂದು ಬೆಂಗಳೂರಿನಿಂದ ತರಿಸಿದರು. ಪೆಟ್ಟಿಗೆ ಬಿಚ್ಚಿದ ಮಾರನೆಯ ದಿನ ಹಲಗೂರಿನಲ್ಲಿ ಅವರ ತಮ್ಮ ತೀರಿಕೊಂಡರು. ದೊಡ್ಡ ಕ್ಯಾಮೆರಾ ನನ್ನ ಜೊತೆ ಮಂಡ್ಯದ ಒಂದು ಛತ್ರದಲ್ಲಿತ್ತು. ಅವರು ಚಿಕ್ಕದನ್ನೇ ಹಿಡಿದುಕೊಂಡು ಹೋದರು. ಅದು ತೆಗೆದ ಮೊದಲ ಚಿತ್ರ, ಕುರ್ಚಿಯಲ್ಲಿ ಕೂರಿಸಿ ಗಲ್ಲಕ್ಕೆ ಬಟ್ಟೆ ಕಟ್ಟಿದ ಆ ತಮ್ಮನದು. ಆಮೇಲೆ ಅವರಿಗೆ ಕಾಶಿಯೂ ಆಗಲಿಲ್ಲ, ಕ್ಯಾಮೆರಾ ಮೇಲಿನ ಅರೆಗೂ ಬರಲಿಲ್ಲ.

ಕಳೆದ ಜನವರಿಯಲ್ಲಿ ಕೊತ್ತತ್ತಿಯ ಮಹಿಳಾ ಸಂಘದವರು ಮಧುರೆ, ರಾಮೇಶ್ವರ, ಕನ್ಯಾಕುಮಾರಿಗೆ ಹೊರಟರು. ಐದು ದಿನ, ಒಂದು ಬಸ್ಸು, ನಲವತ್ತೆರಡು ಜನ. ಆಲ್ಬಂ ಮಾಡಿಕೊಡಲು ನಮ್ಮಿಂದ ಒಬ್ಬರು ಬರಬೇಕೆಂದರು. ಚೌಡಯ್ಯನವರು ಮಂಡಿ ಆಪರೇಷನ್ ಮಾಡಿಸಿಕೊಂಡು ಮಳವಳ್ಳಿಯ ಮಗಳ ಮನೆಯಲ್ಲಿದ್ದರು. ನಾನೇ ಹೋಗಬೇಕಾಯಿತು.

ಯಾವ ಕ್ಯಾಮೆರಾ ಒಯ್ಯಬೇಕೆಂದು ಎರಡು ದಿನ ಯೋಚಿಸಿದೆ. ಇಷ್ಟು ಸಣ್ಣ ವಿಷಯಕ್ಕೆ ಎರಡು ದಿನ ಬೇಕಾಗುವ ಮನುಷ್ಯ ನಾನು. ದೊಡ್ಡದಕ್ಕೆ ಲೆನ್ಸು, ಫ್ಲಾಶು ಸೇರಿದರೆ ನಾಲ್ಕು ಕೆ.ಜಿ. ದಾಟುತ್ತದೆ. ಹೋದ ವರ್ಷ ಬೈಕಿನಿಂದ ಬಿದ್ದು ನನ್ನ ಬಲಗೈ ಹೆಗಲು ಜಾರಿತ್ತು. ಒಂದು ಮುಹೂರ್ತ ಮುಗಿಯುವಷ್ಟರಲ್ಲಿ ಕೈ ಮರಗಟ್ಟುತ್ತದೆ. ಚಿಕ್ಕದು ಅಂಗೈಯಲ್ಲಿ ಕೂರುತ್ತದೆ. ಹಗಲೆಲ್ಲ ಅಂಗಡಿಯಲ್ಲಿದ್ದು ಮಂಡ್ಯದ ಸಂಜೆ ಕಾಲೇಜಿನಲ್ಲಿ ನಾನು ಬಿ.ಎ. ಮಾಡಿದೆ. ಅಲ್ಲೇ ಆರು ತಿಂಗಳು ಫೋಟೋಗ್ರಫಿ ತರಗತಿಗೂ ಹೋಗಿದ್ದೆ. ‘ದಾರಿಯಲ್ಲಿ ಚೀಲದಿಂದ ಹೊರಗೆ ಬರುವ ಕ್ಯಾಮೆರಾನೇ ಪ್ರಯಾಣದ ಕ್ಯಾಮೆರಾ, ಮಿಕ್ಕಿದ್ದು ಬರೀ ಲಗೇಜು’ ಎಂದು ಮೇಷ್ಟ್ರು ಹೇಳಿದ್ದನ್ನು ಬರೆದುಕೊಂಡಿದ್ದೆ. ಕ್ಯಾಮೆರಾ ಎಂದರೆ ಬೆಳಕು ಹೋಗುವ ತೂತಿರುವ ಡಬ್ಬ, ಅದಕ್ಕೆ ಮದುವೆಯೂ ಗೊತ್ತಿಲ್ಲ ಸಾವೂ ಗೊತ್ತಿಲ್ಲ ಎಂದೂ ಅವರೇ ಹೇಳಿದ್ದರು.

ಚೌಡಯ್ಯನವರಿಗೆ ಫೋನು ಮಾಡಿದೆ.

“ದೊಡ್ದುನ್ನೇ ತಗಂಡೋಗು. ಅದ್ರಲ್ಲಿ ಕೇಳಕೇನ್ಲಾ ಐತೆ?” ಅಂದರು.

“ಹೆಗಲು ನೋವು ಅಣ್ಣ...”

“ನೋಯ್ಲಿ. ಹೆಗಲು ನೋಯ್ತದೆ ಅಂತ ಅದುನ್ ಮುಟ್ಟಿಗಿಟ್ಟೀಯ.”

ಹೂಂ ಅಂದೆ. ಆಮೇಲೆ ಚಿಕ್ಕದನ್ನು ತೆಗೆದುಕೊಂಡೆ. ಯಾರಾದರೂ ಕೇಳಿದರೆ ಎಂದು ಅಂಗಡಿಯ ಅರಿಶಿನದ ಡಬ್ಬಿಯಲ್ಲಿ ಬಿಳಿ ದಾರ ಹೊರಳಾಡಿಸಿ ಅದರ ಪಟ್ಟಿಗೆ ಕಟ್ಟಿದೆ. ನಿಜವಾಗಿ ನಂಬದವನಾಗಿದ್ದರೆ ಆ ದಾರವನ್ನು ಯಾಕೆ ಕಟ್ಟುತ್ತಿದ್ದೆ? ಇದನ್ನು ಆವತ್ತೇ ಕೇಳಿಕೊಳ್ಳಬೇಕಿತ್ತು.

ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಪಟ್ಟಲಮ್ಮ. ಎಪ್ಪತ್ತೆರಡು ವರ್ಷ, ಸಣಕಲು ದೇಹ, ಬಲಗಡೆ ಬಿಳಿ ಹರಳಿನ ಮೂಗುಬೊಟ್ಟು. ಗಂಡ ಹೋದಮೇಲೆ ಕಿವಿಯ ಓಲೆ ತೆಗೆದರೂ ಮೂಗುಬೊಟ್ಟು ಮಾತ್ರ ಬರಲಿಲ್ಲವಂತೆ, ಚರ್ಮ ಬೆಳೆದುಬಿಟ್ಟಿತ್ತು. ಚನ್ನಪಟ್ಟಣ ದಾಟುವ ಮೊದಲೇ ನನ್ನ ಹೆಂಡತಿಯ ಊರು, ಮಗುವಿನ ವಯಸ್ಸು, ನನ್ನ ಹೆಗಲಿನ ಕತೆ ಎಲ್ಲ ತಿಳಿದುಕೊಂಡರು.

“ಮಗ, ನಂದೊಂದು ಪಟ ತೆಗಿ. ಒಬ್ಳುದೇ. ಗ್ವಾಡೆಗಾಕಕ್ಕೆ.”

“ತೆಗೀತೀನಿ ಬುಡವ್ವ. ಈಗ್ಲೇ ಯಾಕೆ ಗೋಡೆ ಮಾತು?”

“ಇನ್ಯಾವಾಗ? ನಾನು ಸತ್ ಮೇಕೆ ಬಂದು ಕೇಳ್ಳಾ?” ಎಂದು ನಕ್ಕರು. ಹಿಂದಿನ ಸೀಟಿನ ಮಂಚಮ್ಮ, ಅವರ ಸೊಸೆ, “ಅತ್ತೆ, ಬಾಯ್ ಮುಚ್ಕಂಡ್ ದೇವ್ರು ಗ್ಯಾನ ಮಾಡಿ ಒಸಿ” ಅಂದಳು.

ಪಟ್ಟಲಮ್ಮ ಸುಮ್ಮನಾಗಲಿಲ್ಲ. “ನಮ್ಮನೇವ್ರುದ್ದು ಒಂದೂ ಪಟ ಇರ್ನಿಲ್ಲ ಕಣಪ್ಪ. ಸತ್ತಾಗ ಕುರ್ಚೀಲಿ ಕುಂಡ್ರಿಸಿ ತೆಗುದ್ರು. ಆಮೇಕೆ ಮಿಸಿನ್ನಲ್ಲಿ ಕಣ್ ಬುಡ್ಸಿ ತಂದ್ಕೊಟ್ರು. ಆ ಕಣ್ಣು ಅವ್ರುದ್ದಲ್ಲ, ಇನ್ಯಾರ್ದೋ. ಎಂಟೊರ್ಸದಿಂದ ಯಾವನೋ ಗಂಡ್ಸು ಗ್ವಾಡೆ ಮ್ಯಾಲಿಂದ ನನ್ನೇ ನೋಡ್ತಾವ್ನೆ. ಬಟ್ಟೆ ಬದಲಾಯ್ಸಕ್ಕೂ ಒಳೀಕ್ಕೋಗ್ತೀನಿ.”

ಸುತ್ತಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಸತ್ತವರ ಮುಚ್ಚಿದ ಕಣ್ಣನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು ನಮ್ಮಲ್ಲಿ ನನ್ನ ಕೆಲಸ. ಅದಕ್ಕೆಂದು ಬೇರೆಬೇರೆಯವರ ಕಣ್ಣುಗಳನ್ನು ಕತ್ತರಿಸಿಟ್ಟ ಒಂದು ಫೋಲ್ಡರೇ ಇದೆ. ಎಂಟು ವರ್ಷದ ಹಿಂದೆ ಕೊತ್ತತ್ತಿಯ ಆ ಮನುಷ್ಯನಿಗೆ ಯಾರ ಕಣ್ಣು ಹಾಕಿದೆನೋ ನೆನಪಿಲ್ಲ. ಹಾಕಿದವನು ನಾನೇ.

“ಮಂಚಮ್ಮುನ್ ಮಗಳು ಫೋನಲ್ಲಿ ತೆಗೀತಾಳೆ. ದೊಡ್ದು ಮಾಡುದ್ರೆ ಪುಡಿಪುಡಿ ಆಯ್ತದಂತೆ. ಮದ್ವೆ ಪಟದಲ್ಲಿ ನಾವು ಮುಂದೆ ನಿಲ್ಲಂಗಿಲ್ಲ. ಆದಾರ್ ಕಾರ್ಡಲ್ಲಿ ಕಳ್ಳಿ ಇದ್ದಂಗಿವ್ನಿ. ನೀನು ಚೆಂದಾಗಿ ತೆಗಿ. ನನ್ ಕಣ್ಣು ನಂದೇ ಇರ್ಬೇಕು, ಅಷ್ಟೆ.”

ಮಧುರೆಯಲ್ಲಿ ಗುಂಪಿನ ಚಿತ್ರಗಳನ್ನು ತೆಗೆದೆ. ಭಯವಾಗಲಿಲ್ಲ. ನಲವತ್ತೆರಡು ಜನ ಒಟ್ಟಿಗೆ ನಿಂತರೆ ಕೆಡುಕು ಹಂಚಿಹೋಗುತ್ತದೆ ಎಂಬಂಥ ಲೆಕ್ಕ ಮನಸ್ಸು ಹೇಗೋ ಹಾಕಿಕೊಂಡಿತ್ತು. ಒಬ್ಬೊಬ್ಬರದೇ ಕೇಳಿದವರಿಗೆ ಬಿಸಿಲು ಸರಿಯಿಲ್ಲ, ಆಮೇಲೆ ಎಂದೆ.

ರಾಮೇಶ್ವರದಲ್ಲಿ ಆಮೇಲೆ ಎನ್ನಲಾಗಲಿಲ್ಲ. ಬೆಳಿಗ್ಗೆ ಸಮುದ್ರಸ್ನಾನ ಮುಗಿಸಿ ಪಟ್ಟಲಮ್ಮ ನೇರ ನನ್ನ ಎದುರು ಬಂದು ನಿಂತರು. ಕಂದುಬಣ್ಣದ ಹೊಸ ಸೀರೆ, ಎಣ್ಣೆ ಹಚ್ಚಿ ಬಾಚಿದ ಕೂದಲು, ಹಣೆಗೆ ವಿಭೂತಿ.

“ತೆಗಿ ಮಗ. ಇದುಕ್ಕಿಂತ ಚೆಂದಾಗಿ ನಾನು ಇನ್ ಕಾಣಲ್ಲ.”

ಕ್ಯಾಮೆರಾ ಎತ್ತಿದೆ. ಈ ಕ್ಯಾಮೆರಾ ಮುಖ ಕಂಡರೆ ಸುತ್ತ ಒಂದು ಹಸಿರು ಚೌಕ ಬರೆಯುತ್ತದೆ. ಕಣ್ಣು ಸಿಕ್ಕರೆ ಕಣ್ಣಿನ ಮೇಲೆ ಇನ್ನೊಂದು ಪುಟ್ಟ ಚೌಕ. ಕುರ್ಚಿಯಲ್ಲಿ ಕೂರಿಸಿದವರ ಮುಖದ ಮೇಲೆ ಆ ಪುಟ್ಟ ಚೌಕ ಬರುವುದಿಲ್ಲ. ಆರು ವರ್ಷದಿಂದ ಬಂದಿರಲಿಲ್ಲ, ಮಧುರೆಯ ಗುಂಪುಗಳಲ್ಲೂ ಮುಖಗಳು ದೂರವಿದ್ದವು. ಪಟ್ಟಲಮ್ಮನ ಎಡಗಣ್ಣಿನ ಮೇಲೆ ಅದು ತಕ್ಷಣ ಬಂದು ಕೂತಿತು. ಗಾಳಿಗೆ ಕೂದಲು ಹಾರಿತು, ಅವರು ತಲೆ ಅಲ್ಲಾಡಿಸಿದರು, ಚೌಕ ಬಿಡಲಿಲ್ಲ. ಇಷ್ಟು ದಿನ ಹುಡುಕುತ್ತಿದ್ದದ್ದು ಸಿಕ್ಕಿತೆಂಬಂತೆ ಅಲ್ಲೇ ಹಿಡಿದುಕೊಂಡಿತ್ತು.

ನನಗೆ ಒತ್ತಲಾಗಲಿಲ್ಲ.

ಬೆರಳು ಗುಂಡಿಯ ಮೇಲಿತ್ತು. ಮನಸ್ಸಿನಲ್ಲಿ ಮೂರರವರೆಗೆ ಎಣಿಸಿ ಕ್ಯಾಮೆರಾ ಇಳಿಸಿದೆ. “ಬಂತು ಕಣವ್ವ” ಅಂದೆ.

“ಸದ್ದೇ ಬರ್ನಿಲ್ವಲ್ಲ?”

“ಇದು ಸದ್ದು ಮಾಡಲ್ಲ.”

ಅದು ನಿಜ. ಅಳುವ ಜನರ ನಡುವೆ ಟಕಟಕ ಅನ್ನಬಾರದೆಂದು ಚೌಡಯ್ಯನವರೇ ಅದರ ಸದ್ದನ್ನು ನಿಲ್ಲಿಸಿಟ್ಟಿದ್ದರು. ನನ್ನ ಸುಳ್ಳಿಗೆ ಅದು ಅನುಕೂಲವಾಯಿತು.

“ತೋರ್ಸು.”

“ಬಿಸಿಲಿಗೆ ಕಾಣಲ್ಲ. ಊರಿಗೋದ್ ಮೇಲೆ ದೊಡ್ದು ಮಾಡಿ ಕಟ್ಟು ಹಾಕಿಸಿ ಕೊಡ್ತೀನಿ.”

ಅವರು ನನ್ನ ಕೆನ್ನೆ ಸವರಿ ನೆಟಿಕೆ ಮುರಿದರು. ಬೆರಳಲ್ಲಿ ಉಪ್ಪಿನ ವಾಸನೆಯಿತ್ತು. ಊರಿಗೆ ಹೋದ ಕೂಡಲೇ ಅವರನ್ನು ಅಂಗಡಿಗೆ ಕರೆಸಿ ದೊಡ್ಡ ಕ್ಯಾಮೆರಾದಲ್ಲಿ ತೆಗೆಯಬೇಕು ಎಂದು ಆಗಲೇ ನಿರ್ಧರಿಸಿದೆ. ಮರೆಯದಿರಲೆಂದು ಚೀಟಿಯಲ್ಲಿ ಬರೆದುಕೊಂಡೆ: ‘ಪಟ್ಟಲಮ್ಮ. ದೊಡ್ಡದು.’

ವಾಪಸು ಬರುವ ಸಂಜೆ ಬಸ್ಸಿನಲ್ಲಿ ದೀಪ ಹಾಕಿದ್ದರು. ಕಿಟಕಿಯ ಕಡೆ ಕೂತಿದ್ದ ನನಗೆ ಜೋಂಪು ಹತ್ತಿತು. ಕೈಯಲ್ಲಿದ್ದ ಕ್ಯಾಮೆರಾ ಜಾರುವುದನ್ನು ಕಂಡು ಪಟ್ಟಲಮ್ಮ, “ಕೊಡ್ಲಾ ಇತ್ಲಾಗೆ, ಬಿದ್ದೋಗ್ತದೆ” ಎಂದು ಮಡಿಲಲ್ಲಿಟ್ಟುಕೊಂಡರು. ಎಚ್ಚರವಾದಾಗ ಅವರು ಅದನ್ನು ಮಗುವಿನಂತೆ ಸೆರಗಿನಲ್ಲಿ ಸುತ್ತಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು.

ಊರಿಗೆ ಬಂದಮೇಲೆ ದಾರ ಬಿಚ್ಚಿ ಎಸೆದೆ. ಕ್ಯಾಮೆರಾವನ್ನು ಕೆಳಗಿನ ಅರೆಯಲ್ಲಿಟ್ಟೆ. ಫೆಬ್ರವರಿಯಿಂದ ಮದುವೆಗಳು ಶುರುವಾದವು. ಸಂಘದ ಆಲ್ಬಂ ಕೊಟ್ಟೆ. ಅದರಲ್ಲಿ ಪಟ್ಟಲಮ್ಮ ಎಲ್ಲ ಗುಂಪುಗಳಲ್ಲೂ ಹಿಂದೆ, ಬದಿಗೆ, ಯಾರದೋ ಹೆಗಲಿನ ಮರೆಗೆ. ನಿಲ್ಲುವ ಅಭ್ಯಾಸವೇ ಹಾಗೆ. “ನಂದೆಲ್ಲಿ ಅಂತ ಅತ್ತೆ ಕೇಳ್ತು” ಎಂದು ಮಂಚಮ್ಮ ಫೋನು ಮಾಡಿದಳು. ಅದು ಬೇರೆ ದೊಡ್ಡದಾಗಿ ಬರುತ್ತಿದೆ ಅಂದೆ. ಮುಂದಿನ ವಾರ ಕರೆಸೋಣ, ಆ ಮುಹೂರ್ತ ಮುಗಿಯಲಿ, ಈ ಮುಹೂರ್ತ ಮುಗಿಯಲಿ. ಚೀಟಿ ನನ್ನ ಅಂಗಿಯ ಜೇಬಿನಿಂದ ಜೇಬಿಗೆ ದಾಟುತ್ತಿತ್ತು. ಇನ್ನೊಂದು ಸಲ ಮದ್ದೂರಿಗೆ ಬಂದ ಯಾರದೋ ಕೈಲಿ ಪಟ್ಟಲಮ್ಮ ಮಾತು ಕಳಿಸಿದ್ದರು: “ಮೊಳೆ ಹೊಡ್ಸಿ ಮಡಗಿವ್ನಿ ಅಂತೇಳು.”

ಏಪ್ರಿಲ್ ಹದಿನೆಂಟು, ಬೆಳಿಗ್ಗೆ ಎಂಟು ಗಂಟೆ. ಅಂಗಡಿಯ ಬಾಗಿಲು ಎತ್ತುತ್ತಿದ್ದೆ. ಫೋನು ಬಂತು. ಪಟ್ಟಲಮ್ಮನ ಮಗ ಶಿವರಾಜು.

“ಫೋಟೋದವ್ರಾ? ನಮ್ಮವ್ವ ಓಯ್ತು ಕಣಣ್ಣ. ಮಲಗಿದ್ದಂಗೇ. ಪಟ ನಿಮ್ತಾವೇ ಐತಂತಲ್ಲ, ತಂದ್ಬುಡಿ. ಮೂರ್ ಗಂಟೆಗೆ ಎತ್ತದು. ಕುರ್ಚೀಲಿ ಕುಂಡ್ರಿಸಿ ತೆಗ್ಯಾದು ಬ್ಯಾಡ ಅಂತ ಆಣೆ ಇಕ್ಕಿತ್ತು. ‘ಆ ಹುಡ್ಗನ ತಾವ ನನ್ ಪಟ ಐತೆ, ನನ್ ಕಣ್ಣು ಐತೆ’ ಅಂತಿತ್ತು.”

ಅರ್ಧ ಎತ್ತಿದ ಬಾಗಿಲು ಕೈಯಲ್ಲೇ ಇತ್ತು. “ತರ್ತೀನಿ” ಅಂದೆ. ಇನ್ನೇನು ಹೇಳಬೇಕಿತ್ತು?

ಕಂಪ್ಯೂಟರ್ ಹಾಕಿ ಪ್ರವಾಸದ ಆರುನೂರ ಹನ್ನೊಂದು ಚಿತ್ರಗಳನ್ನೂ ತೆರೆದೆ. ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಮಧುರೆಯ ಗೋಪುರದ ಕೆಳಗೆ ಪಟ್ಟಲಮ್ಮನ ಕಿವಿ. ಊಟದ ಸಾಲಿನಲ್ಲಿ ಅವರ ಕೈ, ಅನ್ನ ಕಲಸುತ್ತಿರುವುದು. ಸಮುದ್ರದ ಕಡೆ ತಿರುಗಿದ ಬೆನ್ನು. ಕನ್ಯಾಕುಮಾರಿಯಲ್ಲಿ ಮಂಚಮ್ಮನ ಹಿಂದೆ ಅರ್ಧ ಹಣೆ, ಕಣ್ಣು ಮುಚ್ಚಿದೆ. ಎಲ್ಲದರಲ್ಲೂ ಇದ್ದರು, ಯಾವುದರಲ್ಲೂ ಮುಖವಿಲ್ಲ. ನಾನೇ ಅವರ ಕಡೆಯಿಂದ ಕ್ಯಾಮೆರಾ ತಿರುಗಿಸುತ್ತಿದ್ದೆ ಎಂದು ಈಗ ಸಾಲಾಗಿ ನೋಡುವಾಗ ತಿಳಿಯಿತು.

ಕಣ್ಣುಗಳ ಫೋಲ್ಡರು ಪರದೆಯ ಮೂಲೆಯಲ್ಲಿತ್ತು. ಚಿಕ್ಕ ಕ್ಯಾಮೆರಾ ಒಯ್ದು, ಶಿವರಾಜುವನ್ನು ಒಪ್ಪಿಸಿ, ಕುರ್ಚಿಯಲ್ಲಿ ಕೂರಿಸಿ ತೆಗೆದು, ಸಂಜೆಗೆ ಕಣ್ಣು ಬಿಡಿಸಿ ಕೊಡಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಇಷ್ಟನ್ನು ನಾನು ಯೋಚಿಸಿದೆ. ಬರೆಯಲು ನಾಚಿಕೆಯಾಗುತ್ತದೆ.

ಕೊನೆಯಲ್ಲಿ ಕಪ್ಪಾಗಿ ಕಾಣುವ ಒಂದು ಚಿತ್ರವಿತ್ತು. ಆಲ್ಬಂ ಮಾಡುವಾಗಲೂ ಕಂಡಿದ್ದೆ. ಚೀಲದೊಳಗೆ ಗುಂಡಿ ತಾನೇ ಒತ್ತಿಕೊಂಡು ಇಂಥವು ಬರುತ್ತವೆ, ಹಾಗಾಗಿ ತೆರೆದಿರಲಿಲ್ಲ. ಈಗ ತೆರೆದೆ.

ಅದರಲ್ಲಿದ್ದವನು ನಾನು. ಬಸ್ಸಿನ ಕಿಟಕಿಗೆ ತಲೆ ಒರಗಿದೆ. ಕಣ್ಣು ಮುಚ್ಚಿದೆ, ಬಾಯಿ ಒಂದಿಷ್ಟು ತೆರೆದಿದೆ, ಗಲ್ಲ ಜೋತುಬಿದ್ದಿದೆ. ಈ ಕ್ಯಾಮೆರಾದಲ್ಲಿ ನಾನು ನೂರಾರು ಸಲ ತೆಗೆದಿದ್ದ ಚಿತ್ರವೇ, ಮುಖ ಮಾತ್ರ ನನ್ನದು. ಕುರ್ಚಿಯಿಂದ ಎದ್ದು ಹೊರಗೆ ಹೋಗಿ ರಸ್ತೆಯಲ್ಲಿ ನಿಂತೆ. ಮಳವಳ್ಳಿ ಬಸ್ಸು ಹಾದುಹೋಯಿತು. ಎದೆ ಮುಟ್ಟಿ ನೋಡಿಕೊಂಡೆ.

ಒಳಗೆ ಬಂದಮೇಲೆ, ಚಿತ್ರ ತೆಗೆದವರು ಯಾರು ಎಂಬುದು ಹೊಳೆಯಿತು. ನನ್ನ ತಲೆಯ ಮೇಲಿನ ಗಾಜು ಕಪ್ಪಾಗಿತ್ತು, ಹೊರಗೆ ಕತ್ತಲಿಳಿಯುತ್ತಿತ್ತಲ್ಲ. ಬೆಳಕು ಹೆಚ್ಚಿಸಿದೆ. ಗಾಜಿನಲ್ಲಿ ನಿಧಾನಕ್ಕೆ ಒಂದು ಸೆರಗು, ಕುತ್ತಿಗೆ, ನಗುವ ಬಾಯಿ. ಕ್ಯಾಮೆರಾವನ್ನು ಎದೆಯ ಹತ್ತಿರ ಹಿಡಿದು, ಗುಂಡಿ ಒತ್ತಿ, ಏನಾಗುತ್ತದೋ ಎಂದು ಕಳ್ಳನಗೆ ನಗುತ್ತಿರುವ ಪಟ್ಟಲಮ್ಮ. ಎರಡು ಕಣ್ಣೂ ಅಗಲವಾಗಿ ತೆರೆದಿದ್ದವು. ಹಣೆಯ ನಡುವಿನಿಂದ ಹೊರಗಿನ ಯಾವುದೋ ಊರಿನ ದೀಪ ಹಾದುಹೋಗಿತ್ತು.

ಪ್ರತಿಬಿಂಬವಾದ್ದರಿಂದ ಮೂಗುಬೊಟ್ಟು ಎಡಕ್ಕಿತ್ತು. ತಿರುಗಿಸಿ ಬಲಕ್ಕೆ ತಂದೆ. ನನ್ನನ್ನು ಕತ್ತರಿಸಿದೆ. ಆದರೆ ನನ್ನ ತಲೆಯ ಮೇಲ್ಭಾಗ ಅವರ ಗಲ್ಲದ ಕೆಳಗೆ ಬಂದಿತ್ತು. ಅದನ್ನು ಅಳಿಸಿದರೆ ಅವರ ನಗುವಿನ ಅಂಚು ಹೋಗುತ್ತಿತ್ತು. ಇಲ್ಲದ್ದನ್ನು ಬರೆದು ತುಂಬಿಸಬಹುದಿತ್ತು. ದಿನಾ ಮಾಡುವ ಕೆಲಸ ಅದು. ಮಾಡಲಿಲ್ಲ. ಕೆಳಗಿನ ಮೂಲೆಯಲ್ಲಿ ಆ ಕಪ್ಪು ಹಾಗೇ ಉಳಿಯಿತು.

ಹನ್ನೆರಡೂವರೆಗೆ ಕಟ್ಟು ಹಾಕಿಸಿದ ಪಟವನ್ನು ಬೈಕಿನ ಹಿಂದೆ ಕಟ್ಟಿಕೊಂಡು ಕೊತ್ತತ್ತಿ ತಲುಪಿದೆ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಪಟ್ಟಲಮ್ಮನನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಮೇಲೆ ಗೋಡೆಯಲ್ಲಿ ಅವರ ಗಂಡ, ನಾನು ಹಾಕಿದ ಕಣ್ಣುಗಳಿಂದ ಕೆಳಗೆ ನೋಡುತ್ತಿದ್ದರು. ಪಕ್ಕದಲ್ಲಿ ಒಂದು ಹೊಸ ಮೊಳೆ.

ಪಟ ಬಿಚ್ಚಿದಾಗ ಹೆಂಗಸರು ಒಮ್ಮೆಲೇ ಅತ್ತರು. “ಅವ್ವುನ್ ನಗ ನೋಡ್ರೋ” ಎಂದು ಶಿವರಾಜು ಕುಸಿದು ಕೂತ. ಸುಮ್ಮನೆ ಬಂದುಬಿಡಬಹುದಿತ್ತು. ಆದರೆ ಮಂಚಮ್ಮ ಕಣ್ಣೊರೆಸಿಕೊಂಡು ಹತ್ತಿರ ಬಂದು ನೋಡಿದಳು.

“ಸಮುದ್ರದ ತಾವ ಅಲ್ವಾ ತೆಗ್ದಿದ್ದು? ಆ ಕಂದು ಸೀರೆ ಎಲ್ಲಿ? ಇದು ಬಸ್ಸು.”

ನಾನು ಹೇಳಿದೆ. ಎರಡು ಕ್ಯಾಮೆರಾ, ದಾರ, ಪುಟ್ಟ ಚೌಕ, ಒತ್ತದ ಗುಂಡಿ, ಮೂರು ತಿಂಗಳು ಜೇಬಿನಲ್ಲಿದ್ದ ಚೀಟಿ. ಗಂಡನ ಕಣ್ಣಿನ ವಿಷಯವನ್ನೂ ಹೇಳಿದೆ.

ಶಿವರಾಜು ಎದ್ದು ನಿಂತ. ಹೊಡೆಯುತ್ತಾನೆ ಅಂದುಕೊಂಡೆ.

“ಸಾವಿನ ಕ್ಯಾಮ್ರ ಅಂತ ಗೊತ್ತಿದ್ದೂ ದೇವ್ರ ಯಾತ್ರೆಗೆ ತಂದೆ. ತಂದ್ ಮೇಕೆ ಎದುರ್ಕಂಡು ಅವ್ವುಂಗೆ ಸುಳ್ಳೇಳ್ದೆ. ತೆಗಿನಿಲ್ವಲ್ಲ, ಉಳಿಸ್ಕಂಡೇನ್ಲಾ ಅವ್ವುನ್ನ?”

“ಇಲ್ಲಣ್ಣ.”

“ಇಲ್ಲ ಅಂತೆ ಇಲ್ಲ” ಎಂದು ಗಟ್ಟಿಯಾಗಿ ಹೇಳಿ, ನನ್ನ ಕೈಯಿಂದ ಪಟ ಕಿತ್ತುಕೊಂಡು ಹೋಗಿ ತಾಯಿಯ ತಲೆಯ ಬಳಿ ಒರಗಿಸಿಟ್ಟ. ಆಮೇಲೆ ತಿರುಗಿ, “ಮಣ್ಣಿಗೆ ಇದ್ದು ಹೋಗು” ಅಂದ. ಇದ್ದೆ. ಮೂರು ಹಿಡಿ ಮಣ್ಣು ಹಾಕಿದೆ.

ಮರುವಾರ ಚೌಡಯ್ಯನವರು ಅಂಗಡಿಗೆ ಬಂದಾಗ ಅವರಿಗೂ ಹೇಳಿದೆ. ಅವರು ಬೀರುವಿನ ಕಡೆ ನೋಡಿದರು. “ದಾರ ಕಟ್ಟುದ್ರೆ ಅದುಕ್ಕೆ ಮರ್ತೋಯ್ತದಾ?” ಎಂದು ಕೇಳಿದರು. ಆ ಚಿತ್ರವನ್ನು ಅಳಿಸು ಎಂದರು. ನನ್ನ ಮುಖವಿರುವ ಪೂರ್ತಿ ಚಿತ್ರವನ್ನು. ಅಳಿಸಿದೆ. ಆಮೇಲೆ ಕೊತ್ತತ್ತಿಯ ಗೋಡೆಯ ಮೇಲಿರುವುದಷ್ಟೇ ಉಳಿಯಿತು.

ಮಹಾಲಯ ಅಮಾವಾಸ್ಯೆಗೆ ಶಿವರಾಜು ಫೋನು ಮಾಡಿ ಕರೆದ. ಸತ್ತವರ ಮೊದಲ ಎಡೆ, ಬರದಿದ್ದರೆ ಸರಿಯಲ್ಲ ಎಂದು ಹೋದೆ. ಪಡಸಾಲೆ ಸಾರಿಸಿ ಎಡೆ ಹಾಕಿದ್ದರು: ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ, ಪಟ್ಟಲಮ್ಮನಿಗೆ ಇಷ್ಟವಾದ ಎಲೆಅಡಿಕೆ. ಗಂಡನ ಪಟ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಒಂದು ತೆಂಗಿನಕಾಯಿ ಇಟ್ಟಿದ್ದರು.

“ಆ ಕಣ್ಣು ಬ್ಯಾಡ ಅಂತ ಇಳಿಸ್ಬುಟ್ಟೊ” ಅಂದಳು ಮಂಚಮ್ಮ.

ಅವಳು ಅತ್ತೆಯ ಪಟದ ಗಾಜನ್ನು ಒರೆಸಿ ವಿಭೂತಿ ಹಚ್ಚಿದಳು. ಮೂರು ಬೆರಳು ಹಣೆಯ ಮೇಲೆ ಎಳೆದು ಕೆಳಗೆ ಬಂದು, ಮೂಲೆಯ ಕಪ್ಪಿನ ಹತ್ತಿರ ನಿಲ್ಲಿಸಿದಳು.

“ಇದು ನಿನ್ ತಲೆ ಅಲ್ವಾ?”

“ಹೂಂ.”

“ಅಲ್ಗೆ ಹಚ್ಚಲ್ಲ ಬುಡು” ಎಂದು ಸೇವಂತಿಗೆ ಹಾರವನ್ನು ಆ ಮೂಲೆ ಮುಚ್ಚುವ ಹಾಗೆ ಎಳೆದು ಸಿಕ್ಕಿಸಿದಳು. ಶಿವರಾಜು ಧೂಪ ಹಾಕಿದ. ಎಲ್ಲರೂ ಅಡ್ಡಬಿದ್ದರು, ನಾನೂ ಅಡ್ಡಬಿದ್ದೆ. ಆಮೇಲೆ ವಾಡಿಕೆಯಂತೆ, ಹಿರಿಯರು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಜಗುಲಿಯಲ್ಲಿ ನಿಂತೆವು. ಒಳಗೆ ಸದ್ದೇನೂ ಇರಲಿಲ್ಲ.

ಬಾಗಿಲು ತೆಗೆದು ಊಟಕ್ಕೆ ಕೂರಿಸಿದರು. ನನಗೆ ಪಟದ ಎದುರಿನ ಎಲೆ ಬಂತು. ಮುದ್ದೆ ಮುರಿಯುತ್ತಾ ತಲೆ ಎತ್ತಿದೆ. ಹೊಗೆ ಇನ್ನೂ ಗಾಜಿನ ಮೇಲೆ ಸುತ್ತುತ್ತಿತ್ತು. ಹಾರ ಜಾರಿತ್ತು. ಮೂಲೆಯ ಕಪ್ಪು ಕೂದಲು ಪೂರ್ತಿ ಕಾಣುತ್ತಿತ್ತು, ಅದರ ಮೇಲೆ ಪಟ್ಟಲಮ್ಮ ನಗುತ್ತಿದ್ದರು.

ಯಾರೂ ಗಮನಿಸಿರಲಿಲ್ಲ. ನಾನು ಎದ್ದು ಸರಿಮಾಡಲಿಲ್ಲ. ತಲೆ ತಗ್ಗಿಸಿ ಎಲೆಯಲ್ಲಿದ್ದದ್ದನ್ನೆಲ್ಲ ಉಂಡೆ.